ಬಿಳಿ ಐದರಲ್ಲಿ ಬ್ಲ್ಯಾಕ್ ಸಬ್ಬತ್

ಮೂರೇ ಸ್ವರ. ಕೆಳಗೊಂದು ಷಡ್ಜ, ಅದರ ಮೇಲಿನ ಸಪ್ತಕದ ಷಡ್ಜ, ಆಮೇಲೆ ಎರಡರ ನಟ್ಟನಡುವೆ ಇಳಿದು ನಿಲ್ಲುವ ತೀವ್ರ ಮಧ್ಯಮ. ನಿಂತ ಮೇಲೂ ಅದು ಸುಮ್ಮನಿರುವುದಿಲ್ಲ. ಪಕ್ಕದ ಪಂಚಮದ ಬಾಗಿಲನ್ನು ತಟ್ಟಿ ತಟ್ಟಿ ಹಿಂದಕ್ಕೆ ಬರುತ್ತದೆ, ಒಳಗೆ ಮಾತ್ರ ಹೋಗುವುದಿಲ್ಲ. ಬರ್ಮಿಂಗ್‌ಹ್ಯಾಮಿನ ನಾಲ್ಕು ಹುಡುಗರು ಈ ಮೂರು ಸ್ವರದ ಮೇಲೆ ಆರು ನಿಮಿಷದ ಒಂದು ಹಾಡು ಕಟ್ಟಿದರು. ಹಾಡಿನ ಹೆಸರು ಬ್ಲ್ಯಾಕ್ ಸಬ್ಬತ್, ಆಲ್ಬಂನ ಹೆಸರೂ ಅದೇ, ತಂಡದ ಹೆಸರೂ ಅದೇ. 1969ರ ಅಕ್ಟೋಬರಿನಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಧ್ವನಿಮುದ್ರಣ ಮುಗಿಸಿದರು. 1970ರ ಫೆಬ್ರುವರಿ 13ರ ಶುಕ್ರವಾರ ತಟ್ಟೆ ಮಾರುಕಟ್ಟೆಗೆ ಬಂತು. ಹೆವಿ ಮೆಟಲ್ ಎಂಬ ಸಂಗೀತದ ಹುಟ್ಟಿದ ದಿನ ಯಾವುದು ಎಂದು ಕೇಳಿದರೆ ಬಹಳ ಜನ ಈ ತಾರೀಖನ್ನೇ ಹೇಳುತ್ತಾರೆ.

ಮಳೆ ಸುರಿಯುವ ಸದ್ದು, ಗುಡುಗು, ಎಲ್ಲೋ ದೂರದಲ್ಲಿ ಬಡಿಯುವ ಗಂಟೆ. ಅದರ ಮೇಲೆ ಇದ್ದಕ್ಕಿದ್ದಂತೆ ಆ ಮೂರು ಸ್ವರ ಬಂದು ಬೀಳುತ್ತವೆ. ಕಾಲೇಜಿನ ದಿನಗಳಲ್ಲಿ ಯಾರೋ ಡಬ್ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ ಮೊದಲ ಸಲ ಕೇಳಿದಾಗ ಬೆನ್ನಹುರಿಯಲ್ಲಿ ಚಳಿ ಹರಿದದ್ದು ಇವತ್ತಿಗೂ ನೆನಪಿದೆ. ಭಯ ಹುಟ್ಟಿಸಿದ್ದು ಗದ್ದಲ ಎಂದೇ ಆಗ ತಿಳಿದಿದ್ದೆ. ಎದೆಗೆ ಗುದ್ದುವ ಆಂಪ್ಲಿಫೈಯರು, ಡ್ರಮ್ಮಿನ ಏಟು, ಕಪ್ಪು ಆಕೃತಿಯೊಂದನ್ನು ಎದುರಿಗೆ ಕಂಡು ನಡುಗುವವನ ಕೂಗು. ಇವನ್ನೆಲ್ಲ ತೆಗೆದುಬಿಟ್ಟರೆ ಏನು ಉಳಿದೀತು ಎಂಬ ಪ್ರಶ್ನೆ ಬಹಳ ವರ್ಷ ನನ್ನಲ್ಲಿ ಎದ್ದಿರಲಿಲ್ಲ.

ಎಬ್ಬಿಸಿದವನು ನನ್ನ ಅಳಿಯ, ಅಕ್ಕನ ಮಗ. 2025ರ ಜುಲೈ 22ರಂದು ಆ ಹಾಡಿನ ದನಿಯಾಗಿದ್ದ ಆಜಿ ಆಸ್ಬರ್ನ್ ತೀರಿಕೊಂಡರು. ಅದೇ ತಿಂಗಳ 5ರಂದು ತಮ್ಮ ಹುಟ್ಟೂರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ, ಎದ್ದು ನಿಲ್ಲಲಾಗದೆ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ, ಹಳೆಯ ಮೂವರು ಗೆಳೆಯರ ಜೊತೆ ಕೊನೆಯ ಸಲ ಹಾಡಿದ್ದರು. ಸುದ್ದಿ ಬಂದ ವಾರವೇ ಹುಡುಗ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ನಮ್ಮ ಮನೆಗೆ ಗಿಟಾರ್ ಹೊತ್ತು ಬಂದ.

“ಮಾಮಾ, ಕರೆಂಟ್ ಇಲ್ದ ನುಡಸೂಣ್ರಿ ಅದನ್ನ. ಬರೇ ಕಟ್ಟಿಗೀ ಗಿಟಾರದಾಗ.”

ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಧ್ವನಿಮುದ್ರಣ ಮಾಡುವುದೆಂದರೆ ಊರಿನ ಜೊತೆ ಮಾತುಕತೆಗೆ ಕೂತಂತೆ. ಮಹಡಿಯ ಕೋಣೆಗೆ ಪತ್ರಾಸಿನ ಚಾವಣಿ. ಮಳೆ ಬಂದರೆ ಮಾತು ಕೇಳಿಸುವುದಿಲ್ಲ. ಮಳೆ ನಿಂತರೆ ಕೇಶ್ವಾಪುರದ ಕಡೆಯಿಂದ ರೈಲಿನ ಹಾರ್ನು. ಸಂತೆಯ ದಿನವಾದರೆ ಮುಗಿಯಿತು, ಆ ದಿನ ಮೈಕು ಹಚ್ಚುವುದೇ ಬೇಡ. ಹುಡುಗ ಕಿಟಕಿಗೆ ಕೌದಿ ತೂಗುಹಾಕಿ, ಫ್ಯಾನ್ ಬಂದ್ ಮಾಡಿ, ಮೈಕನ್ನು ಗಿಟಾರಿನ ಹನ್ನೆರಡನೇ ಫ್ರೆಟ್ಟಿನ ಎದುರು ಒಂದು ಗೇಣು ದೂರಕ್ಕೆ ನಿಲ್ಲಿಸಿದ. ನಡುವಿನ ತೂತಿನ ಎದುರು ಇಟ್ಟರೆ ಬರೀ ಗುಂಯ್‌ಗುಟ್ಟುತ್ತದೆ, ತಂತಿಯ ಮಾತು ಕೇಳುವುದಿಲ್ಲ ಎಂದ. ಆರನೇ ತಂತಿಯ ಮೂರನೇ ಫ್ರೆಟ್, ನಾಲ್ಕನೇ ತಂತಿಯ ಐದನೇ ಫ್ರೆಟ್, ಐದನೇ ತಂತಿಯ ನಾಲ್ಕನೇ ಫ್ರೆಟ್. ಅಷ್ಟೇ.

ಕೇಳಿದರೆ ಮೂಳೆ ಮಾತ್ರ ಉಳಿದಿತ್ತು. ಕೆಳಗಿನ ಷಡ್ಜ ಎರಡು-ಮೂರು ಸೆಕೆಂಡಿನಲ್ಲೇ ಬಾಡಿಹೋಯಿತು. ಮೂಲ ಹಾಡಿನಲ್ಲಿ ಅದು ಗೋಡೆಯ ಹಾಗೆ ನಿಂತುಬಿಡುತ್ತದಲ್ಲ, ಆ ಗೋಡೆ ಎಲ್ಲಿ?

ಇದರ ಕಾರಣ ಹುಡುಕುತ್ತ ಹೋದಂತೆ ನನ್ನ ಬೆರಗು ಮೊದಲಾಯಿತು. ಮೆಟಲ್ ಗಿಟಾರಿನವರು ‘ಪವರ್ ಕಾರ್ಡ್’ ಎಂದು ನುಡಿಸುವುದು ಬೇರೇನೂ ಅಲ್ಲ, ಷಡ್ಜ ಮತ್ತು ಪಂಚಮ. ನಮ್ಮ ತಂಬೂರಿಯ ಶ್ರುತಿ. ಈ ಹಾಡಿನ ಷಡ್ಜ ಸೆಕೆಂಡಿಗೆ 98 ಸಲ ಕಂಪಿಸುತ್ತದೆ, ಅದರ ಪಂಚಮ 147 ಸಲ. ಮೂರಕ್ಕೆ ಎರಡರ ಲೆಕ್ಕ. ಈ ಎರಡನ್ನೂ ಒಟ್ಟಿಗೆ ಆಂಪ್ಲಿಫೈಯರಿಗೆ ಕಳಿಸಿ, ಅದು ತಡೆಯಲಾರದಷ್ಟು ದನಿ ಏರಿಸಿದರೆ, ಒಡೆದ ಆ ನಾದದಲ್ಲಿ ಹೊಸ ಸ್ವರಗಳು ಹುಟ್ಟುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಎರಡರ ವ್ಯತ್ಯಾಸ: 49. ಅಂದರೆ ಇನ್ನೊಂದು ಸಪ್ತಕ ಕೆಳಗಿನ ಷಡ್ಜ. ಗಿಟಾರಿನಲ್ಲಿ ಆ ಸ್ವರಕ್ಕೆ ತಂತಿಯೇ ಇಲ್ಲ. ಯಾರೂ ಮೀಟದ ಷಡ್ಜವೊಂದು ನೆಲದೊಳಗಿಂದ ಎದ್ದು ಎದೆಗೆ ತಾಗುತ್ತದೆ. ಹಳೆಯ ಕ್ಯಾಸೆಟ್ಟಿನಲ್ಲಿ ನನಗೆ ತಾಗಿದ್ದು ಬಹುಶಃ ಅದೇ.

ಇಂಥದ್ದೊಂದನ್ನು ಧಾರವಾಡ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೆನ್ನಾಗಿ ಮಿಲಾಯಿಸಿದ ತಂಬೂರಿಯ ಬದಿಗೆ ಕೂತವರಿಗೆ ಗಾಂಧಾರ ಕೇಳುತ್ತದೆ. ನಾಲ್ಕು ತಂತಿಯಲ್ಲಿ ಯಾವುದನ್ನೂ ಗಾಂಧಾರಕ್ಕೆ ಹಚ್ಚಿರುವುದಿಲ್ಲ. ಷಡ್ಜದ ಹೊಟ್ಟೆಯೊಳಗಿಂದ ಅದು ತಾನಾಗಿ ಹುಟ್ಟಿ ಬರುತ್ತದೆ. ಕುದುರೆಯ ಮೇಲೆ ತಂತಿಯಡಿ ಎಳೆ ದಾರ ಸರಿಸಿ ಜವಾರಿ ಹಿಡಿಯುವುದು ಆ ಹುಟ್ಟಿಗೆ ದಾರಿ ಮಾಡಿಕೊಡಲಿಕ್ಕೇ. ಮೀರಜದ ತಂಬೂರಿ ಮಾಡುವವರೂ ಬರ್ಮಿಂಗ್‌ಹ್ಯಾಮಿನ ಗಿಟಾರಿನವನೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಸ್ವಚ್ಛ ತಂತಿಯ ನಾದವನ್ನು ಬೇಕೆಂದೇ ಒಡೆದು, ಒಳಗಿದ್ದದ್ದನ್ನು ಹೊರಗೆ ತಂದರು.

ಮೂರಕ್ಕೆ ಎರಡರ ಲೆಕ್ಕ ಎಂದೆನಲ್ಲ, ಅದು ಬೆಂಗೇರಿಯವರ ಕೈಗೆ ಒಗ್ಗಿದ ಲೆಕ್ಕ. 1957ರ ನವೆಂಬರ್ 1ರಂದು ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲೇ. ಬಾಗಲಕೋಟೆ ಕಡೆಯ ಮಗ್ಗಗಳಲ್ಲಿ ನೇಯ್ದ ಖಾದಿ ಇಲ್ಲಿಗೆ ಬಂದು, ಬಣ್ಣ ಕುಡಿದು, ಚಕ್ರ ಮುದ್ರಿಸಿಕೊಂಡು, ರಾಷ್ಟ್ರಧ್ವಜವಾಗಿ ಹೋಗುತ್ತದೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜ ಯಾವ ಅಳತೆಯದೇ ಇರಲಿ, ಮೇಜಿನ ಮೇಲಿಡುವ 6 ಇಂಚಿಗೆ 4 ಇಂಚಿನದಾಗಲಿ, 21 ಅಡಿಗೆ 14 ಅಡಿಯದಾಗಲಿ, ಉದ್ದ ಮೂರು ಪಾಲಾದರೆ ಎತ್ತರ ಎರಡು ಪಾಲು. ಒಂಬತ್ತು ಅಳತೆಗಳಲ್ಲೂ ಇದೇ ನಿಯಮ. ಚಕ್ರ ಎರಡೂ ಬದಿಗೆ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡಬೇಕು, ಇಲ್ಲವಾದರೆ ಬಟ್ಟೆ ಪಕ್ಕಕ್ಕೆ. ಅಂದರೆ ನಮ್ಮ ಓಣಿಯ ಅಕ್ಕಂದಿರು ದಿನವಿಡೀ ಕತ್ತರಿಸಿ ಹೊಲಿಯುತ್ತಿರುವುದು ಷಡ್ಜ-ಪಂಚಮದ ಅಂತರವನ್ನೇ. ಇದು ಹೊಳೆದ ದಿನ ನಾನು ಸಂಘದ ಕಾಂಪೌಂಡಿನ ಆಚೆ ಸ್ವಲ್ಪ ಹೊತ್ತು ನಿಂತು ಹೊಲಿಗೆ ಮಷಿನ್ನುಗಳ ಸದ್ದು ಕೇಳಿ ಬಂದೆ.

ಹಾಡಿನ ಆ ಮೂರನೆಯ ಸ್ವರದ ಲೆಕ್ಕ ಬೇರೆ. ಗಿಟಾರಿನ ಫ್ರೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುತ್ತವೆ. ಆರನೆಯ ಪಾಲಿಗೆ ನಿಂತರೆ ತೀವ್ರ ಮಧ್ಯಮ. ಷಡ್ಜದಿಂದ ಅದಕ್ಕೆ ಎಷ್ಟು ದೂರವೋ ಅದರಿಂದ ಮೇಲಿನ ಷಡ್ಜಕ್ಕೂ ಅಷ್ಟೇ ದೂರ. ಈ ಅನುಪಾತ ಎರಡರ ವರ್ಗಮೂಲ, ಯಾವ ಎರಡು ಪೂರ್ಣಾಂಕಗಳ ಅನುಪಾತದಲ್ಲೂ ಸಿಕ್ಕಿಬೀಳದ ಸಂಖ್ಯೆ. ಕಚೇರಿಗಳಲ್ಲಿ ಬಳಸುವ ಎ4 ಹಾಳೆಯ ಉದ್ದ-ಅಗಲದ ಲೆಕ್ಕವೂ ಇದೇ: ಅರ್ಧಕ್ಕೆ ಮಡಚಿದರೂ ಆಕಾರ ಬದಲಾಗುವುದಿಲ್ಲ. ಸಪ್ತಕವನ್ನು ಅರ್ಧಕ್ಕೆ ಮಡಚಿದರೆ ಮಡಿಕೆ ಬೀಳುವ ಜಾಗ ತೀವ್ರ ಮಧ್ಯಮ. ಮನೆಯಿಂದ ಅಷ್ಟು ದೂರ ಬಂದಾಯಿತು, ಮುಂದಿನ ಮನೆಯೂ ಅಷ್ಟೇ ದೂರ. ಅಲ್ಲಿ ನಿಂತ ಕಿವಿಗೆ ದಿಕ್ಕು ತಿಳಿಯುವುದಿಲ್ಲ.

ಯುರೋಪು ಈ ಅಂತರಕ್ಕೆ ಹೆದರಿತು. ಚರ್ಚು ಇದನ್ನು ನಿಷೇಧಿಸಿತ್ತು ಎಂಬ ಕಥೆ ಮೆಟಲ್ ಪ್ರಿಯರ ಬಾಯಲ್ಲಿ ಓಡಾಡುತ್ತದೆ. ನಿಷೇಧದ ಆಜ್ಞೆಯೇನೂ ಇರಲಿಲ್ಲ. ಹಾಡುವಾಗ ಇದನ್ನು ತಪ್ಪಿಸಿರಿ ಎಂದು ಶಾಸ್ತ್ರಕಾರರು ಹೇಳುತ್ತಿದ್ದರು, 18ನೇ ಶತಮಾನದ ಹೊತ್ತಿಗೆ ಸಂಗೀತದೊಳಗಿನ ಸೈತಾನ ಎಂಬ ಹೆಸರೂ ಅಂಟಿತು. ಸಬ್ಬತ್‌ನ ಬಾಸ್ ವಾದಕ ಗೀಜರ್ ಬಟ್ಲರ್, ಗುಸ್ತಾವ್ ಹೋಲ್ಸ್ಟ್ ರಚಿಸಿದ ‘ಗ್ರಹಗಳು’ ಕೃತಿಯ ಮಂಗಳ ಭಾಗವನ್ನು ನುಡಿಸಿಕೊಳ್ಳುತ್ತಿದ್ದ. ಅದು ಕಿವಿಯಲ್ಲಿ ಉಳಿದು ಗಿಟಾರಿನ ಟೋನಿ ಅಯೋಮಿಗೆ ಈ ಮೂರು ಸ್ವರ ಹೊಳೆದವು. ಆ ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳಿಗೆ ರಾಗ ಹಾಕಿದವರು, ಸಾವಿತ್ರಿಯ ಕಥೆಯನ್ನು ಒಪೆರಾ ಮಾಡಿದವರು ಎಂದು ತಿಳಿದಾಗ ನನಗೆ ಖುಷಿಯಾಯಿತು.

ಇತ್ತ ನಮ್ಮಲ್ಲಿ? ಹಿಂದುಸ್ತಾನಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ಮಧ್ಯಮವನ್ನು ಅಧ್ವದರ್ಶಕ ಸ್ವರ ಎಂದು ಕರೆದರು, ಹೊತ್ತು ತೋರುವ ಸ್ವರ. ಅದು ತೀವ್ರವಾದರೆ ಸಂಜೆಯಾಯಿತೆಂದು ಲೆಕ್ಕ. ಯಮನ್, ಪೂರಿಯಾ, ಶ್ರೀ, ಮಾರವಾ. ಕರ್ನಾಟಕ ಪದ್ಧತಿಯ 72 ಮೇಳಕರ್ತಗಳಲ್ಲಿ ಸರಿಯಾಗಿ ಅರ್ಧ, 36, ಈ ಮಧ್ಯಮದವು. ಅಲ್ಲಿ ಸೈತಾನ ನಿಂತ ಜಾಗದಲ್ಲಿ ಇಲ್ಲಿ ದೀಪ ಹಚ್ಚುವ ಹೊತ್ತು. ಹುಬ್ಬಳ್ಳಿಯಲ್ಲಿ ಮೊದಲ ಪಾಠವಾಗಿ ಯಮನ್ ಕಲಿಯುವ ಎಂಟು ವರ್ಷದ ಹುಡುಗಿ ಈ ಸ್ವರವನ್ನು ಹಿಡಿದು ಪಂಚಮಕ್ಕೆ ಕಾಲಿಟ್ಟಾಗ ಯಾರಿಗೂ ಭಯವಾಗುವುದಿಲ್ಲ. ಹೆತ್ತವರ ಕಣ್ಣು ಒದ್ದೆಯಾಗುತ್ತದೆ.

ಅಯೋಮಿಯ ಬೆರಳುಗಳ ಕಥೆಯನ್ನು ಇಲ್ಲಿ ಹೇಳಲೇಬೇಕು. ಹದಿನೇಳರ ಹುಡುಗ, ತಗಡಿನ ಕಾರ್ಖಾನೆಯಲ್ಲಿ ಬೆಸುಗೆ ಕೆಲಸ. ಸಂಗೀತಕ್ಕಾಗಿ ಕೆಲಸ ಬಿಡುವ ಕೊನೆಯ ದಿನ, ಬೇರೊಬ್ಬರು ಬಾರದ ಕಾರಣ ಪ್ರೆಸ್ ಯಂತ್ರಕ್ಕೆ ಹಚ್ಚಿದರು. ಬಲಗೈಯ ಎರಡು ಬೆರಳಿನ ತುದಿ ಹೋದವು. ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿಕೊಂಡ. ದಪ್ಪ ತಂತಿ ಒತ್ತಲು ನೋವಾಗುತ್ತಿತ್ತೆಂದು ಬ್ಯಾಂಜೋದ ತೆಳು ತಂತಿ ಹಾಕಿದ, ಮುಂದೆ 1971ರ ಆಲ್ಬಂ ಹೊತ್ತಿಗೆ ತಂತಿಗಳನ್ನೇ ಮೂರು ಸ್ವರಸ್ಥಾನ ಸಡಿಲಿಸಿದ. ಸಡಿಲಾದ ತಂತಿಯಿಂದ ಬಂದ ಆ ಭಾರವಾದ ದನಿಯನ್ನು ಜಗತ್ತಿನ ಸಾವಿರಾರು ತಂಡಗಳು, ಹತ್ತು ಬೆರಳೂ ಗಟ್ಟಿಯಿದ್ದವರು, ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ.

ಇದನ್ನು ಓದುವಾಗೆಲ್ಲ ನನ್ನ ಮನಸ್ಸು ನಮ್ಮೂರಿನ ದೇಶಪಾಂಡೆ ನಗರದ ಕಡೆ, ಗಂಗೂಬಾಯಿ ಹಾನಗಲ್ ಅವರ ಮನೆಯ ಕಡೆ ಹೋಗುತ್ತದೆ. ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ತೊಂದರೆ ಬಂತು, ಶಸ್ತ್ರಚಿಕಿತ್ಸೆಯಾಯಿತು, ದನಿ ಇಳಿಯಿತು. ಹೆಣ್ಣುದನಿಗೆ ಯಾರೂ ನಿರೀಕ್ಷಿಸದ ಆಳಕ್ಕೆ ಇಳಿಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತ ವಿದ್ಯೆಯನ್ನು ಆಕೆ ಆ ಹೊಸ ದನಿಯಲ್ಲೇ ಕಟ್ಟಿದರು, 2009ರ ಜುಲೈ 21ರಂದು ತೀರಿಕೊಳ್ಳುವವರೆಗೂ ನಾಡಿಗೆ ಅದೇ ಅವರ ದನಿಯಾಯಿತು. ಅವರ ಮಾರವಾದಲ್ಲಿ ತೀವ್ರ ಮಧ್ಯಮ ಬರುವಾಗ ಅವಸರವೇ ಇಲ್ಲ. ಅವರ ಕಿರಾಣಾ ಘರಾಣೆಯ ವಿಲಂಬಿತದಲ್ಲಿ ಒಂದೊಂದು ಸ್ವರಕ್ಕೂ ಅದರದೇ ಆಯುಷ್ಯ. ಸಬ್ಬತ್‌ನ ಹಾಡೂ ಹಾಗೇ ನಡೆಯುತ್ತದೆ, ರಾಕ್ ಸಂಗೀತಕ್ಕೆ ನಂಬಲಾರದಷ್ಟು ನಿಧಾನವಾಗಿ. ಮುರಿದ ದೇಹ ಹೊಸ ಷಡ್ಜ ಹುಡುಕಿಕೊಳ್ಳುವುದು ಎಂಥ ಧೈರ್ಯ! ಬರ್ಮಿಂಗ್‌ಹ್ಯಾಮ್ ಮತ್ತು ಹುಬ್ಬಳ್ಳಿ ಎರಡೂ ಕಬ್ಬಿಣ ಬಡಿದು ಬೆಳೆದ ಊರುಗಳು ಎಂಬುದನ್ನೂ ನಾನು ಸುಮ್ಮನೆ ಬಿಡಲಾರೆ; ನಮ್ಮ ರೈಲ್ವೆ ವರ್ಕ್‌ಶಾಪಿನ ವಯಸ್ಸು ಒಂದೂವರೆ ಶತಮಾನಕ್ಕೆ ಹತ್ತಿರ.

ಗೋಡೆಯಿಲ್ಲದ ಷಡ್ಜಕ್ಕೆ ತಂಬೂರಿ ಸೇರಿಸೋಣ ಎಂದು ತೋಚಿದ್ದು ಇಷ್ಟೆಲ್ಲ ಯೋಚಿಸಿದ ಮೇಲೆ. ಹಾಡಿನ ಷಡ್ಜ ಪಿಯಾನೊದವರ ಜಿ, ಪೇಟಿಯವರ ಬಿಳಿ ಐದು. ಅವ್ವ ಹಾಡುವ ಪಟ್ಟಿಯೂ ಬಿಳಿ ಐದು. ಅವಳ ತಂಬೂರಿ ಗವಸಿನಿಂದ ಹೊರಗೆ ಬಂತು. ಪಂಚಮ, ಜೋಡಿ ಷಡ್ಜ, ಖರಜ. ಹುಡುಗ ಮೂರು ಸ್ವರ ನುಡಿಸಿದ. ತೀವ್ರ ಮಧ್ಯಮ ಬಂದಾಗ ತಂಬೂರಿಯ ಪಂಚಮದ ಜೊತೆ ಅದು ಉಜ್ಜಾಡಿತು. ಎರಡರ ನಡುವೆ ಅರ್ಧ ಸ್ವರದ ಸಂದು. ಆ ಸಂದಿನಲ್ಲಿ ಕ್ಯಾಸೆಟ್ಟಿನ ಚಳಿ ಅಷ್ಟೂ ಇತ್ತು. ಆಂಪ್ಲಿಫೈಯರ್ ಇಲ್ಲ, ಡ್ರಮ್ ಇಲ್ಲ, ಕೂಗು ಇಲ್ಲ, ರೋಮ ಮಾತ್ರ ನಿಂತವು. ಭಯ ಗದ್ದಲದಲ್ಲಿ ಇರಲೇ ಇಲ್ಲ.

ಅವ್ವ ಮಾತ್ರ ತಲೆ ಅಲ್ಲಾಡಿಸಿದಳು.

“ಪಂಚಮ ತಗೀ ತಮ್ಮಾ. ಅದು ಆ ಮಧ್ಯಮಕ್ಕ ಕುಂಡ್ರಾಕ ಜಾಗಾ ಕೊಡವಲ್ತು. ಮಾರವಾಕ್ಕ ಹಚ್ಚಿದಂಗ ನಿಷಾದಕ್ಕ ಹಚ್ಚು.”

ಪಂಚಮವಿಲ್ಲದ ರಾಗಗಳಿಗೆ ತಂಬೂರಿಯ ಮೊದಲ ತಂತಿಯನ್ನು ನಿಷಾದಕ್ಕೆ ಏರಿಸುವುದು ಇಲ್ಲಿನ ರೂಢಿ. ಏರಿಸಿದೆವು. ಅದೇ ಗಿಟಾರ್, ಅದೇ ಬೆರಳು, ಅದೇ ನಾಲ್ಕನೇ ಫ್ರೆಟ್. ಸೆಕೆಂಡಿಗೆ 138 ಚಿಲ್ಲರೆ ಕಂಪನದ ಅದೇ ಸ್ವರ. ಭಯ ಎಲ್ಲಿ ಹೋಯಿತು? ಅಲ್ಲಿ ಕೂತಿದ್ದ ಮೂವರಿಗೂ ಒಮ್ಮೆಲೇ ಹೊತ್ತು ಇಳಿದಂತಾಯಿತು. ಇದ್ದದ್ದು ಒಂದು ದೊಡ್ಡ ವಿಷಾದ, ಯಾರನ್ನೋ ಕಾದು ಕೂತ ಸಂಜೆ.

ಶಾಸ್ತ್ರ ಸರಳವಾಗಿದೆ: ನಿಷಾದವನ್ನು ಷಡ್ಜವೆಂದು ಎಣಿಸಿದರೆ ತೀವ್ರ ಮಧ್ಯಮ ಅದಕ್ಕೆ ಪಂಚಮವಾಗುತ್ತದೆ. ದಿಕ್ಕಿಲ್ಲದೆ ನಿಂತಿದ್ದ ಸ್ವರಕ್ಕೆ ಒಂದು ಹೆಗಲು ಸಿಕ್ಕಿತು. ಆದರೂ ಶಾಸ್ತ್ರ ತಿಳಿದ ಮೇಲೆ ನನ್ನ ಬೆರಗು ಕಡಿಮೆಯಾಗಲಿಲ್ಲ. ಸ್ವರಕ್ಕೆ ಸ್ವಭಾವವಿದೆ ಎಂದು ನಂಬಿ ಬೆಳೆದವನು ನಾನು. ಕೋಮಲ ರಿಷಭ ಕರುಣೆ, ಇದು ಇದು, ಅದು ಅದು. ಒಂದು ತಂತಿಯನ್ನು ನಾಲ್ಕು ಸ್ವರಸ್ಥಾನ ಮೇಲೇರಿಸಿದ್ದಕ್ಕೆ ಬರ್ಮಿಂಗ್‌ಹ್ಯಾಮಿನ ಕಪ್ಪು ಆಕೃತಿ ಕುಂದಗೋಳದ ಸಂಜೆಯಾಗಿ ತಿರುಗಿ ನಿಂತಿತು. ಸ್ವರ ಒಂದು ಎಳೆಯೂ ಅಲ್ಲಾಡಿರಲಿಲ್ಲ.

ಸ್ವಲ್ಪ ಅಲ್ಲಾಡಬೇಕಾಯಿತು ಎನ್ನಿ. ಹುಡುಗ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಒಳಗೆ ಏನೋ ಅಲೆ ಅಲೆಯಾಗಿ ಮಿಡಿಯುತ್ತಿದೆ ಎಂದ. ತಂಬೂರಿಯಿಂದ ಹುಟ್ಟುವ ತೀವ್ರ ಮಧ್ಯಮ, ಗಿಟಾರಿನ ಸಪ್ತಕಕ್ಕೆ ಇಳಿಸಿ ಎಣಿಸಿದರೆ, 137.8, ಫ್ರೆಟ್ಟಿನದು 138.6. ಒಂದು ಕಂಪನಕ್ಕೂ ಕಡಿಮೆ ಅಂತರ, ಕಿವಿ ಬಿಡಲಿಲ್ಲ. ತಂತಿಯನ್ನು ಎಳೆದರೆ ಸ್ವರ ಏರುತ್ತದೆ, ಇಳಿಯುವುದಿಲ್ಲ. ಅವನು ಐದನೇ ತಂತಿಯ ಕೀಲಿಯನ್ನು ಕೂದಲೆಳೆಯಷ್ಟು ಸಡಿಲಿಸಿದ. ತಟ್ಟಿ ಬರುವ ಪಂಚಮವೂ ಜೊತೆಗೆ ಇಳಿಯಿತು, ಆದರೆ ಅದರಲ್ಲಿ ನಿಲ್ಲುವುದಿಲ್ಲವಲ್ಲ, ನಡೆಯುತ್ತದೆ. ಅಲೆ ನಿಂತು, ಗಿಟಾರಿನ ಸ್ವರ ತಂಬೂರಿಯೊಳಗೆ ಇಳಿದು ಕರಗಿತು. ಹುಡುಗ ಹೆಡ್‌ಫೋನನ್ನು ಅಜ್ಜಿಯ ಕಿವಿಗೆ ಹಾಕಿದ. ಅವಳು ಬಹಳ ಹೊತ್ತು ತೆಗೆಯಲಿಲ್ಲ.

ಈಗ ನಮ್ಮ ಬಳಿ ಎರಡು ಮುದ್ರಣಗಳಿವೆ. ಪಂಚಮದ್ದು ನನ್ನ ಕ್ಯಾಸೆಟ್ಟಿನ ಹಾಡು, ನಿಷಾದದ್ದು ಅವ್ವನ ಹಾಡು. ಯಾವುದನ್ನು ಇಟ್ಟುಕೊಳ್ಳುವುದು ಎಂದು ನಾವಿಬ್ಬರೂ ವಾದಕ್ಕೆ ಕೂತಾಗ ಹುಡುಗ ಮೂರನೆಯ ದಾರಿ ತೆಗೆದ. ಅವನು ಆ ಮೂರು ಸ್ವರವನ್ನು ಒಂದೇ ಸಮ ನುಡಿಸುತ್ತ ಹೋಗಬೇಕು, ಹಾಡಿನ ನಡುವೆಯೇ ಅವ್ವ ತಂಬೂರಿಯ ಖುಂಟಿ ತಿರುವುತ್ತ ಮೊದಲ ತಂತಿಯನ್ನು ಪಂಚಮದಿಂದ ನಿಷಾದಕ್ಕೆ ಏರಿಸಬೇಕು. ಖುಂಟಿಯ ಕಿರ್ರೆನ್ನುವ ಸದ್ದೂ ಇರಲಿ ಎಂದ. ಮೊನ್ನೆ ಮಳೆ ಬಿಟ್ಟ ಹೊತ್ತು ನೋಡಿ ಒಮ್ಮೆ ಮಾಡಿ ನೋಡಿದೆವು. ತಂತಿ ಏರುತ್ತ ಕೋಮಲ ಧೈವತ, ಧೈವತ, ಕೋಮಲ ನಿಷಾದಗಳನ್ನು ದಾಟುವಾಗ ಗಿಟಾರಿನ ಆ ಒಂದೇ ಸ್ವರ ಒಂದೊಂದು ಗಳಿಗೆಗೂ ಬೇರೆಯೇ ಮುಖ ತೋರಿತು. ಧೈವತದ ಬಳಿ ಒಂದು ಮುಖ ಬಂದು ಹೋಯಿತು, ಭಯವೂ ಅಲ್ಲ, ಸಂಜೆಯೂ ಅಲ್ಲ. ನಾನು ಅದನ್ನು ಮೊದಲು ಎಲ್ಲಿಯೂ ಕೇಳಿಲ್ಲ. ಭಾನುವಾರ ಮತ್ತೆ ಮುದ್ರಿಸಬೇಕು. ಅಲ್ಲಿ ಇನ್ನಷ್ಟು ನಿಧಾನವಾಗಿ ತಿರುವುತ್ತೇನೆ ಎಂದಿದ್ದಾಳೆ ಅವ್ವ.